ನೀರು ಬಿಟ್ಟರೆ ತುಂಬದು, ನಿಲ್ಲಿಸಿದರೆ ಬಿಡದು

ಟಿ.ವಿ. ರಿಮೋಟಿನ ಬೆನ್ನಿಗೆ, ಸೆಲ್ ಹಾಕುವ ಜಾಗದಲ್ಲಿ, ಒಂದು ಪುಟ್ಟ ಮುಚ್ಚಳವಿರುತ್ತದೆ. ಬಹಳಷ್ಟು ಮನೆಗಳಲ್ಲಿ ಮೊದಲು ಕಳೆದುಹೋಗುವ ವಸ್ತು ಅದೇ. ಕಳೆದ ಮೇಲೆ ಸೆಲ್ಲುಗಳು ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿ ಕಾಲ ಹಾಕುವುದುಂಟು. ಆದರೆ ಕಳೆದುಹೋಗುವ ಮುನ್ನ ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಬೇಕು. ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ತೂಕ ಕೆಲವೇ ಗ್ರಾಂ. ಒಂದು ತುದಿಗೆ 'ಟಿಕ್' ಎಂದು ಕೂರುವ ನಾಲಿಗೆ, ಇನ್ನೊಂದು ತುದಿಗೆ ಎರಡು ಹಲ್ಲು, ಮೈಮೇಲೆ ಬೆರಳು ಜಾರದಂತೆ ಗೀರುಗಳು. ಕಣ್ಣಿಟ್ಟು ಹುಡುಕಿದರೆ ಎಲ್ಲೋ ಒಂದು ಕಡೆ ಮಚ್ಚೆಯಂಥ ಚಿಕ್ಕ ಗುರುತು. ಕರಗಿದ ಪ್ಲಾಸ್ಟಿಕ್ ಒಳಗೆ ನುಗ್ಗಿದ ಬಾಗಿಲು ಅದು. ಇಷ್ಟನ್ನೂ ಒಂದೇ ಏಟಿಗೆ, ಕೆಲವೇ ಸೆಕೆಂಡುಗಳಲ್ಲಿ, ಉಕ್ಕಿನ ಅಚ್ಚೊಂದು ರೂಪಿಸಿ ಕೊಟ್ಟಿರುತ್ತದೆ.

ಇಂಥ ತೆಳು ವಸ್ತುವನ್ನು ಮಾಡುವುದು ದಪ್ಪನೆಯ ಮಗ್ಗನ್ನೋ ಬಕೆಟ್ಟನ್ನೋ ಮಾಡುವುದಕ್ಕಿಂತ ಸುಲಭವಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಪ್ಲಾಸ್ಟಿಕ್ ಕಡಿಮೆ, ಆರುವ ಹೊತ್ತೂ ಕಡಿಮೆ. ಆದರೆ ಈ ಕಸುಬಿನಲ್ಲಿ ಮಾತು ತಿರುಗುಮುರುಗು. ತೆಳುವಾದಷ್ಟೂ ಕೆಲಸ ಕಠಿಣ. ಏಕೆ ಎಂಬ ಪ್ರಶ್ನೆಗೆ ಉತ್ತರ ಭೌತವಿಜ್ಞಾನದ 'ಉಷ್ಣ' ಎಂಬ ಪಾಠದಲ್ಲೇ ಇದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಬಂದು, ಪರೀಕ್ಷೆ ಮುಗಿದ ಮೇಲೆ ಮರೆತುಹೋಗುವ ಆ ಪಾಠವನ್ನು ಮೈಸೂರಿನ ಕೆಸರೆಯ ಒಬ್ಬ ಹುಡುಗಿ ಮರೆಯಲಾಗದಂತೆ ಕಲಿತದ್ದು ಒಂದು ಯಂತ್ರದ ಮುಂದೆ ನಿಂತು.

ಕೆಸರೆಯಿಂದ ಹೆಬ್ಬಾಳಕ್ಕೆ

ಹಳೆಯ ಮೈಸೂರಿಗರಿಗೆ ಕೆಸರೆ ಎಂದರೆ ಊರಾಚೆಯ ಒಂದು ಹಳ್ಳಿ. ಈಗ ಅದು ಎರಡನೇ ಹಂತ, ಮೂರನೇ ಹಂತ ಎಂದು ಬೆಳೆದು ನಗರದೊಳಗೆ ಸೇರಿಹೋಗಿದೆ. ಬೆಳಗಾದರೆ ದುಡಿಮೆಗೆ ಹೊರಡುವ ಜನರೇ ಹೆಚ್ಚು ಇರುವ ಬಡಾವಣೆ. ಆ ಹುಡುಗಿಯ ಅಪ್ಪ ಲಗೇಜ್ ಆಟೋ ಓಡಿಸುವವರು. ಅಮ್ಮ ಮನೆಯಲ್ಲೇ ಕುಳಿತು ಅಗರಬತ್ತಿ ಹೊಸೆಯುತ್ತಾರೆ. ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಮನೆಯಲ್ಲಿ ಸಂತೋಷದ ಜೊತೆಗೆ ಒಂದು ಜಗಳವೂ ಶುರುವಾಯಿತು.

ಮೈಸೂರಿನ ವಾಯವ್ಯಕ್ಕೆ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ಕೇಂದ್ರ ಸರ್ಕಾರದ 'ಸಿಪೆಟ್' ಸಂಸ್ಥೆಯಿದೆ. 1968ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಈ ಸಂಸ್ಥೆ ಮೈಸೂರಿಗೆ ಬಂದದ್ದು 1991ರಲ್ಲಿ. ಮೊದಲು ಅದರ ಹೆಸರಿನಲ್ಲಿ 'ಪ್ಲಾಸ್ಟಿಕ್ಸ್' ಎಂದಿತ್ತು, ಈಗ 'ಪೆಟ್ರೋಕೆಮಿಕಲ್ಸ್' ಎಂದಾಗಿದೆ. ಅದಕ್ಕೆ ಸಮೀಪದಲ್ಲೇ, ಕೆ.ಆರ್.ಎಸ್. ರಸ್ತೆಯ ಮೇಟಗಳ್ಳಿಯಲ್ಲಿ, ರಾಜ್ಯ ಸರ್ಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. ಜನ ಅದನ್ನು 'ಜಿಟಿಟಿಸಿ' ಎನ್ನುತ್ತಾರೆ. ಇದರ ಮೂಲ ಸಂಸ್ಥೆ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಎಸ್ಸೆಸ್ಸೆಲ್ಸಿ ಆದವರಿಗೆ ಅಚ್ಚು ಮಾಡುವ ವಿದ್ಯೆಯಲ್ಲಿ ಡಿಪ್ಲೊಮಾ ಕೊಡುವುದು ಈ ಎರಡು ಸಂಸ್ಥೆಗಳ ಮುಖ್ಯ ಕೆಲಸಗಳಲ್ಲಿ ಒಂದು. ಹುಡುಗಿಗೆ ಅಚ್ಚಿನ ವಿದ್ಯೆಯಲ್ಲಿ ಡಿಪ್ಲೊಮಾ ಮಾಡುವ ಆಸೆ. ಸೋದರಮಾವನಿಗೆ ಅದು ಹಿಡಿಸಲಿಲ್ಲ.

"ಹೆಣ್ಣುಮಗು ಮೈಗೆಲ್ಲ ಆಯಿಲ್ ಮಾಡ್ಕೊಂಡು ಮೆಷಿನ್ ಮುಂದೆ ನಿಲ್ಬೇಕಾ ಭಾವ? ಸುಮ್ನೆ ಪಿಯುಸಿ ಸೈನ್ಸ್ ಕೊಡ್ಸಿ" ಎಂದು ಅವರ ವಾದ.

"ಪಿಯುಸಿ ಆದ್ಮೇಲೆ ಸಿಇಟಿ, ಸಿಇಟಿ ಆದ್ಮೇಲೆ ಫೀಸು. ಅದರ ಲೆಕ್ಕ ಹಾಕಿದ್ದೀಯೇನೋ?" ಎಂದು ಅಪ್ಪ. ಅವರ ಮನಸ್ಸೂ ಪೂರ್ತಿ ಒಪ್ಪಿರಲಿಲ್ಲ. ದುಡ್ಡಿಲ್ಲದ್ದಕ್ಕೆ ಮಗಳನ್ನು ಕಡಿಮೆ ಓದಿಗೆ ಕಳಿಸುತ್ತಿದ್ದೇನಲ್ಲಾ ಎಂಬ ಕೊರಗು ಒಳಗೇ ಇತ್ತು. ಅಗರಬತ್ತಿಯ ಹಲಗೆಯಿಂದ ಕೈ ತೆಗೆಯದೆ ಅಮ್ಮ ಹೇಳಿದ್ದು ಒಂದೇ ಮಾತು: "ಓದೋಳು ಅವಳು. ಅವಳನ್ನೇ ಕೇಳಿ." ಹುಡುಗಿ ಡಿಪ್ಲೊಮಾ ಸೇರಿದಳು. ಕೊನೆಯ ವರ್ಷ ತರಬೇತಿಗೆಂದು ಹೆಬ್ಬಾಳದ ಒಂದು ಸಣ್ಣ ಕಾರ್ಖಾನೆಗೆ ಹೋಗತೊಡಗಿದಳು. ತೆಳು ಪ್ಲಾಸ್ಟಿಕ್ಕಿನ ಕಷ್ಟ ಅವಳಿಗೆ ಎದುರಾದದ್ದು ಅಲ್ಲಿ.

ಸಕ್ಕರೆ ಅಚ್ಚಿನ ವಿದ್ಯೆ

ಆ ಕಷ್ಟ ಏನೆಂದು ತಿಳಿಯಲು ಕಾರ್ಖಾನೆಗೆ ಹೋಗುವ ಮೊದಲು ಸಂಕ್ರಾಂತಿಯ ಅಡುಗೆಮನೆಯನ್ನು ನೆನೆಯುವುದು ಒಳ್ಳೆಯದು. ಸಕ್ಕರೆ ಅಚ್ಚು ಮಾಡುವುದನ್ನು ನೋಡಿದವರಿಗೆ ಗೊತ್ತು: ಎರಡು ಹೋಳಿನ ಮರದ ಅಚ್ಚನ್ನು ಮೊದಲು ನೀರಿನಲ್ಲಿ ನೆನೆಹಾಕುತ್ತಾರೆ. ಹೋಳುಗಳನ್ನು ಜೋಡಿಸಿ ಕಟ್ಟುತ್ತಾರೆ. ಹದವಾಗಿ ಕಾಸಿದ ಪಾಕವನ್ನು ಮೇಲಿನ ತೂತಿನಿಂದ ಸುರಿಯುತ್ತಾರೆ. ತುಸು ಹೊತ್ತು ಆರಿದ ಮೇಲೆ ಬಿಚ್ಚಿದರೆ ಒಳಗಿನಿಂದ ಗಿಳಿ, ಆನೆ, ಗೋಪುರ. ಪಾಕ ಆರಿಹೋಗಿದ್ದರೆ ಗಿಳಿಯ ಕೊಕ್ಕು, ಗೋಪುರದ ತುದಿ ಮೊಟಕಾಗುತ್ತವೆ. ಬಿಸಿ ಇರುವಾಗಲೇ ಆತುರದಿಂದ ಬಿಚ್ಚಿದರೆ ಗಿಳಿಯ ಕುತ್ತಿಗೆಯೇ ಮುರಿಯುತ್ತದೆ. ತುಂಬುವಾಗ ಬಿಸಿ ಬೇಕು, ಬಿಚ್ಚುವಾಗ ತಂಪು ಬೇಕು. ಅಚ್ಚಿನ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿದೆ.

ಪ್ಲಾಸ್ಟಿಕ್ಕಿನ ಇಂಜೆಕ್ಷನ್ ಮೋಲ್ಡಿಂಗ್ ಕೂಡ ಮೂಲದಲ್ಲಿ ಇದೇ. ಅಮೆರಿಕದ ಜಾನ್ ವೆಸ್ಲಿ ಹ್ಯಾಟ್ ಮತ್ತು ಅವನ ಸೋದರ 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ದಂತಕ್ಕೆ ಬದಲಾಗಿ ಬಂದ ಸೆಲ್ಯುಲಾಯ್ಡ್ ಎಂಬ ಪದಾರ್ಥವನ್ನು ಬಿಸಿಮಾಡಿ, ದೊಡ್ಡ ಪಿಚಕಾರಿಯಂಥ ಸಾಧನದಿಂದ ಅಚ್ಚಿನೊಳಗೆ ತಳ್ಳುವ ಯಂತ್ರ ಅದು. 1946ರಲ್ಲಿ ಜೇಮ್ಸ್ ಹೆಂಡ್ರಿ ಎಂಬಾತ ಪಿಚಕಾರಿಯ ದಂಡದ ಬದಲು ತಿರುಗುವ ಸ್ಕ್ರೂ ಇಟ್ಟ. ಚಕ್ಕುಲಿ ಒರಳಿನಲ್ಲಿ ಹಿಡಿಯನ್ನು ತಿರುಗಿಸಿ ಹಿಟ್ಟನ್ನು ಒತ್ತುವುದನ್ನು ನೆನೆದರೆ ಕಲ್ಪನೆ ಬರುತ್ತದೆ. ಸ್ಕ್ರೂ ತಿರುಗುತ್ತ ಪ್ಲಾಸ್ಟಿಕ್ ಕಾಳುಗಳನ್ನು ಮುಂದಕ್ಕೆ ತಳ್ಳುತ್ತದೆ, ಉಜ್ಜುತ್ತದೆ, ಕಲಸುತ್ತದೆ. ಸಿಲಿಂಡರಿನ ಸುತ್ತಲಿನ ಹೀಟರ್ ಮತ್ತು ಈ ಉಜ್ಜಾಟ ಎರಡೂ ಸೇರಿ ಕಾಳುಗಳು ಕರಗುತ್ತವೆ. ಆಮೇಲೆ ಅದೇ ಸ್ಕ್ರೂ ಮುನ್ನುಗ್ಗಿ ಕರಗಿದ್ದನ್ನು ಅಚ್ಚಿಗೆ ಒತ್ತುತ್ತದೆ.

ಆದರೆ ಸಕ್ಕರೆ ಅಚ್ಚಿಗೂ ಇದಕ್ಕೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಪಾಕ ತಾನಾಗಿ ಹರಿಯುತ್ತದೆ. ಕರಗಿದ ಪ್ಲಾಸ್ಟಿಕ್ ಹಾಗಲ್ಲ. ಉದ್ದುದ್ದನೆಯ ಅಣುಸರಪಳಿಗಳು ಶ್ಯಾವಿಗೆಯಂತೆ ಒಂದಕ್ಕೊಂದು ತೊಡರಿಕೊಂಡಿರುವುದರಿಂದ ಅದು ಜೇನಿಗಿಂತಲೂ ಎಷ್ಟೋ ಪಟ್ಟು ಮಂದ. ಅದನ್ನು ತಳ್ಳಲು ವಾಯುಮಂಡಲದ ಒತ್ತಡದ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟಿಗೂ ಮೀರಿದ ಒತ್ತಡ ಬೇಕು. ಎರಡನೆಯದು, ಈ ಒತ್ತಡ ತಡೆಯಲು ಮರ ಸಾಲದು, ಉಕ್ಕೇ ಬೇಕು. ಮರ ಉಷ್ಣವನ್ನು ನಿಧಾನವಾಗಿ ಸಾಗಿಸುವ ವಸ್ತು, ಅದಕ್ಕೇ ಪಾಕ ಕೊಕ್ಕಿನ ತುದಿಗೂ ಹೋಗುವಷ್ಟು ಹೊತ್ತು ಬಿಸಿಯಾಗಿರುತ್ತದೆ. ಉಕ್ಕು ಹಾಗೆ ಕಾಯುವುದಿಲ್ಲ. ಮುಟ್ಟಿದ ಕ್ಷಣದಲ್ಲಿ ಬಿಸಿಯನ್ನು ಕಸಿದುಕೊಳ್ಳುತ್ತದೆ.

ಚಳಿಗಾಲದ ಬೆಳಿಗ್ಗೆ ಬರಿಗಾಲಿನಲ್ಲಿ ಚಾಪೆಯ ಮೇಲೆ ನಿಂತರೆ ಏನೂ ಅನಿಸದು, ಪಕ್ಕದ ಗ್ರಾನೈಟ್ ನೆಲಕ್ಕೆ ಕಾಲಿಟ್ಟರೆ ಜುಂ ಎನ್ನುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಎರಡರ ಉಷ್ಣತೆಯೂ ಒಂದೇ! ಕಾಲಿಗೆ ಗೊತ್ತಾಗುವುದು ನೆಲದ ಉಷ್ಣತೆಯಲ್ಲ, ಕಾಲಿನ ಬಿಸಿಯನ್ನು ಅದು ಕಸಿಯುವ ವೇಗ. ಕರಗಿದ ಪ್ಲಾಸ್ಟಿಕ್ಕಿಗೂ ಉಕ್ಕಿನ ಅಚ್ಚು ಅಂಥ ಗ್ರಾನೈಟ್ ನೆಲವೇ. 230 ಡಿಗ್ರಿ ಸೆಲ್ಸಿಯಸ್ ಬಿಸಿಯ ಎಬಿಎಸ್ ಪ್ಲಾಸ್ಟಿಕ್ 50 ಡಿಗ್ರಿಯ ಉಕ್ಕನ್ನು ಮುಟ್ಟಿದರೆ, ಎರಡೂ ಕೂಡುವ ಗಡಿಯಲ್ಲಿ ಉಷ್ಣತೆ ಸರಾಸರಿಯಾದ 140 ಡಿಗ್ರಿ ಆಗುವುದಿಲ್ಲ. ಲೆಕ್ಕ ಹಾಕಿದರೆ ಅದು 60 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಎಬಿಎಸ್ ಸುಮಾರು 105 ಡಿಗ್ರಿಗಿಂತ ಕೆಳಗೆ ಗಟ್ಟಿ. ಅಂದರೆ ಮುಟ್ಟಿದ ಕ್ಷಣದಲ್ಲೇ ಪ್ಲಾಸ್ಟಿಕ್ಕಿಗೆ ಒಂದು ಗಟ್ಟಿ ಸಿಪ್ಪೆ ಕಟ್ಟುತ್ತದೆ.

ವರ್ಗದ ಲೆಕ್ಕ

ದಪ್ಪ ವಸ್ತುವಾದರೆ ಸಿಪ್ಪೆ ಕಟ್ಟಿದರೂ ಚಿಂತೆಯಿಲ್ಲ, ನಡುವೆ ಹರಿಯಲು ದಾರಿ ಇರುತ್ತದೆ. ತೆಳು ವಸ್ತುವಿನಲ್ಲಿ ಎರಡೂ ಕಡೆಯ ಸಿಪ್ಪೆಗಳು ಬೆಳೆದು ಒಂದನ್ನೊಂದು ಮುಟ್ಟಿಬಿಡುತ್ತವೆ, ದಾರಿ ಮುಚ್ಚುತ್ತದೆ. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ನಿಯಮವಿದೆ. ಆರುವ ಸಮಯ ದಪ್ಪಕ್ಕೆ ಅನುಗುಣವಾಗಿ ಇಳಿಯುವುದಿಲ್ಲ, ದಪ್ಪದ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 2 ಮಿಲಿಮೀಟರ್ ದಪ್ಪದ ಹಾಳೆ ಆರಲು ಸುಮಾರು 7 ಸೆಕೆಂಡು ಬೇಕೆಂದುಕೊಳ್ಳೋಣ. ದಪ್ಪ ಅರ್ಧವಾದರೆ ಸಮಯ ಅರ್ಧವಲ್ಲ, ಕಾಲು ಭಾಗ. ದಪ್ಪ ಕಾಲು ಭಾಗವಾದರೆ, ಅಂದರೆ ಅರ್ಧ ಮಿಲಿಮೀಟರ್ ಆದರೆ, ಸಮಯ ಹದಿನಾರರಲ್ಲಿ ಒಂದು ಭಾಗ. ಅರ್ಧ ಸೆಕೆಂಡೂ ಇಲ್ಲ. ಅಷ್ಟರೊಳಗೆ ಪ್ಲಾಸ್ಟಿಕ್ ಅಚ್ಚಿನ ಕಟ್ಟಕಡೆಯ ಮೂಲೆಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಮುಚ್ಚಳದ ಒಂದು ಮೂಲೆ ಮೊಟಕು. ಕಾರ್ಖಾನೆಯ ಭಾಷೆಯಲ್ಲಿ ಅದು 'ಶಾರ್ಟ್ ಶಾಟ್'.

ಹುಡುಗಿ ತರಬೇತಿಗೆ ಹೋಗುತ್ತಿದ್ದ ಕಾರ್ಖಾನೆಗೆ ಆಗ ಒಂದು ಮುಚ್ಚಳದ ಆರ್ಡರ್ ಬಂದಿತ್ತು. ಶಾಲೆಯ ನೋಟ್‌ಬುಕ್ಕಿನಷ್ಟು ಅಗಲ. ಪ್ಲಾಸ್ಟಿಕ್ ಉಳಿಸಲೆಂದು ಗಿರಾಕಿ ಅದರ ದಪ್ಪವನ್ನು 1.2 ಮಿಲಿಮೀಟರಿನಿಂದ 0.8ಕ್ಕೆ ಇಳಿಸಿದ್ದ. ಕಾಗದದ ಮೇಲೆ ಇಳಿದದ್ದು ಮೂರನೇ ಒಂದು ಭಾಗ ಮಾತ್ರ. ಆದರೆ ವರ್ಗದ ಲೆಕ್ಕದಲ್ಲಿ ಆರುವ ಸಮಯ ಅರ್ಧಕ್ಕಿಂತ ಕೆಳಗಿಳಿದಿತ್ತು. ಯಂತ್ರ ಉಗುಳಿದ ಮುಚ್ಚಳಗಳಲ್ಲಿ ಕೆಲವಕ್ಕೆ ಮೂಲೆ ಇಲ್ಲ, ಕೆಲವಕ್ಕೆ ನಡುವೆ ಕೂದಲೆಳೆಯಂಥ ಗೆರೆ. ಎರಡು ದಿಕ್ಕಿನಿಂದ ಹರಿದುಬಂದ ಪ್ಲಾಸ್ಟಿಕ್ ಅರೆತಣ್ಣಗಾಗಿ ಕೂಡಿದ ಕಡೆ ಅಂಥ ಗೆರೆ ಬೀಳುತ್ತದೆ. ಬಗ್ಗಿಸಿದರೆ ಮುಚ್ಚಳ ಮುರಿಯುವುದು ಅಲ್ಲಿಯೇ. ಕೆಟ್ಟ ಮುಚ್ಚಳಗಳು ಮೂಲೆಯ ಡ್ರಮ್ಮಿನಲ್ಲಿ ತುಂಬುತ್ತಿದ್ದವು. ಅವನ್ನು ಗ್ರೈಂಡರಿಗೆ ಹಾಕಿ ಮತ್ತೆ ಕರಗಿಸಬಹುದು ನಿಜ. ಆದರೆ ವಿದ್ಯುತ್ತು, ಸಮಯ, ಕೂಲಿ ಕರಗಿ ಹೋದದ್ದು ವಾಪಸು ಬರುವುದಿಲ್ಲ. ಸಣ್ಣ ಕಾರ್ಖಾನೆಯ ಲಾಭ ಇರುವುದೂ ಹೋಗುವುದೂ ಆ ಡ್ರಮ್ಮಿನಲ್ಲಿ.

ಅಚ್ಚಿನ ಮೈಯೊಳಗೆ ಕೊರೆದ ಕಾಲುವೆಗಳಲ್ಲಿ ಸದಾ ತಣ್ಣೀರು ಹರಿಯುತ್ತಿರುತ್ತದೆ, ಮುಚ್ಚಳ ಬೇಗ ಗಟ್ಟಿಯಾಗಲೆಂದು. ಮೇಸ್ತ್ರಿ ಆ ನೀರನ್ನು ನಿಲ್ಲಿಸಿ ನೋಡಿದರು. ಹತ್ತಿಪ್ಪತ್ತು ಏಟಿನಲ್ಲಿ ಅಚ್ಚು ತಾನೇ ಬಿಸಿಯೇರಿತು. ಮೂಲೆಗಳು ತುಂಬಿದವು, ಗೆರೆಯೂ ಮಾಯವಾಗುತ್ತ ಬಂತು. ಆದರೆ ಹೊಸ ಕಾಟ ಶುರು. ಮುಚ್ಚಳ ಅಚ್ಚಿಗೆ ಅಂಟಿಕೊಂಡಿತು. ಹೊರದೂಡುವ ಪಿನ್ನುಗಳು ಮೆತ್ತಗಿನ ಪ್ಲಾಸ್ಟಿಕ್ಕನ್ನು ಚುಚ್ಚಿದವು. ಹೇಗೋ ಹೊರಬಂದದ್ದು ಹಪ್ಪಳದಂತೆ ಸೊಟ್ಟಗಾಯಿತು.

"ನೋಡಮ್ಮ, ನೀರು ಬಿಟ್ರೆ ತುಂಬಲ್ಲ, ನೀರು ನಿಲ್ಸಿದ್ರೆ ಬಿಡಲ್ಲ. ಇಷ್ಟೇ ನಮ್ ಕತೆ" ಎಂದರು ಮೇಸ್ತ್ರಿ.

"ತುಂಬೋವಾಗ ಮಾತ್ರ ಬಿಸಿ ಮಾಡಿ, ಆಮೇಲೆ ತಣ್ಣಗೆ ಮಾಡಕ್ಕಾಗಲ್ವಾ ಸಾರ್?" ಎಂದು ಹುಡುಗಿ ಕೇಳಿದಳು.

"ಈ ಅಚ್ಚು ಎಷ್ಟು ತೂಕ ಇದೆ ಗೊತ್ತಾ? ಇನ್ನೂರು ಕೆಜಿ. ಒಂದೊಂದು ಏಟಿಗೂ ಇದನ್ನ ಕಾಯ್ಸಿ ಆರ್ಸಿ ಅಂತ ಕೂತ್ರೆ ಸಾಯಂಕಾಲಕ್ಕೆ ಎಷ್ಟು ಪೀಸ್ ಆಗುತ್ತೆ? ಲೆಕ್ಕ ಹಾಕ್ಕೊಂಡ್ ಬಾ ನಾಳೆ."

ರಾತ್ರಿಯ ಲೆಕ್ಕ

ಮೇಸ್ತ್ರಿ ತಮಾಷೆಗೆ ಹೇಳಿದ್ದನ್ನು ಹುಡುಗಿ ನಿಜವೆಂದೇ ತೆಗೆದುಕೊಂಡಳು. ಲೆಕ್ಕಕ್ಕೆ ಬೇಕಾದ ಸೂತ್ರ ಸರಳವಾದದ್ದೇ: ರಾಶಿಯನ್ನು ವಿಶಿಷ್ಟೋಷ್ಣದಿಂದಲೂ ಉಷ್ಣತೆಯ ಏರಿಕೆಯಿಂದಲೂ ಗುಣಿಸಬೇಕು. ಒಂದು ಕಿಲೋಗ್ರಾಂ ಉಕ್ಕನ್ನು ಒಂದು ಡಿಗ್ರಿ ಏರಿಸಲು ಸುಮಾರು ಅರ್ಧ ಕಿಲೋಜೂಲ್ ಬೇಕು. 200 ಕಿಲೋಗ್ರಾಂ ಅಚ್ಚನ್ನು 50ರಿಂದ 130 ಡಿಗ್ರಿಗೆ, ಅಂದರೆ 80 ಡಿಗ್ರಿ, ಏರಿಸಲು 8000 ಕಿಲೋಜೂಲ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಎರಡು ಯೂನಿಟ್ಟಿಗೂ ಹೆಚ್ಚು. 30 ಕಿಲೋವಾಟ್ ಹೀಟರ್ ಹಾಕಿದರೂ ಕಾಯಿಸಲಿಕ್ಕೇ ನಾಲ್ಕು ನಿಮಿಷ ದಾಟುತ್ತದೆ. ಆರಿಸುವ ಹೊತ್ತು ಬೇರೆ. ಗಂಟೆಗೆ ನೂರಕ್ಕೂ ಹೆಚ್ಚು ಮುಚ್ಚಳ ಕೊಡುವ ಯಂತ್ರ ಹತ್ತು ಮುಚ್ಚಳವನ್ನೂ ಕೊಡಲಾರದು. ಮೇಸ್ತ್ರಿಯ ಮಾತು ಸರಿಯೇ.

ಆದರೆ ಅವಳು ಇನ್ನೊಂದು ಲೆಕ್ಕವನ್ನೂ ಹಾಕಿದಳು. ಒಂದು ಮುಚ್ಚಳದ ತೂಕ ಸುಮಾರು 25 ಗ್ರಾಂ. ಅಷ್ಟು ಪ್ಲಾಸ್ಟಿಕ್ 230 ಡಿಗ್ರಿಯಿಂದ 50ಕ್ಕೆ ಇಳಿಯುವಾಗ ಬಿಟ್ಟುಕೊಡುವ ಉಷ್ಣ ಬರೀ 9 ಕಿಲೋಜೂಲ್. 9 ಕಿಲೋಜೂಲಿನ ಮುಚ್ಚಳಕ್ಕಾಗಿ 8000 ಕಿಲೋಜೂಲ್ ಸುಡುವುದೇ? ಹಾಗಾದರೆ ಪ್ಲಾಸ್ಟಿಕ್ ಮುಟ್ಟುವ ಮೇಲ್ಮೈಯನ್ನು ಮಾತ್ರ ಕಾಯಿಸಿದರೆ? ನೋಟ್‌ಬುಕ್ಕಿನಷ್ಟು ಅಗಲ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತೊಗಲು ಕಾಲು ಕಿಲೋ ತೂಗುವುದಿಲ್ಲ. ಅದನ್ನು 80 ಡಿಗ್ರಿ ಏರಿಸಲು ಬೇಕಾದದ್ದೂ ಸುಮಾರು 9 ಕಿಲೋಜೂಲ್. ಇಡೀ ಅಚ್ಚಿಗೆ ಬೇಕಾದದ್ದರ ಎಂಟುನೂರರಲ್ಲಿ ಒಂದು ಪಾಲೂ ಅಲ್ಲ.

ಅಚ್ಚು ಅಷ್ಟು ಭಾರವಿರುವುದು ಏಕೆ? ನೋಟ್‌ಬುಕ್ಕಿನಷ್ಟು ಅಗಲದ ಮೇಲೆ ಚದರ ಸೆಂಟಿಮೀಟರಿಗೆ 400 ಕಿಲೋ ಒತ್ತಡ ಬಿದ್ದರೆ ಅಚ್ಚನ್ನು ಬಿಚ್ಚಲು ನೋಡುವ ಬಲ 120 ಟನ್ನು. ಅದನ್ನು ತಡೆಯಲು ದಪ್ಪ ಮೈ ಬೇಕೇ ಬೇಕು. ಆದರೆ ಬಲಕ್ಕೆ ಬೇಕಾದ ಮೈ ಬಿಸಿಗೆ ಬೇಕಿಲ್ಲ. ಬಲ ಇಡೀ ಮೈಯ ಕೆಲಸ, ಬಿಸಿ ಬರೀ ತೊಗಲಿನ ಕೆಲಸ. ಇವೆರಡನ್ನು ಬೇರೆ ಮಾಡಿ ನೋಡಿದಾಗ ಒಗಟು ಬಿಡಿಸಿಕೊಳ್ಳುತ್ತದೆ.

ಮಾರನೆಯ ದಿನ ಹಾಳೆ ನೋಡಿದ ಮೇಸ್ತ್ರಿ ನಗಲಿಲ್ಲ. "ಲೆಕ್ಕ ಸರಿಯಾಗಿದೆ. ಆದ್ರೆ ತೊಗಲಿಗೆ ಕೊಟ್ಟ ಬಿಸಿ ತೊಗಲಲ್ಲೇ ನಿಲ್ಲುತ್ತಾ?" ಎಂದರು. ಪುಸ್ತಕ ಓದದ ಮನುಷ್ಯ ಕೇಳಿದ ಆ ಪ್ರಶ್ನೆಯೇ ಈ ತಂತ್ರಜ್ಞಾನದ ತಿರುಳು. ಉಕ್ಕಿನಲ್ಲಿ ಉಷ್ಣ ಒಂದು ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಒಳಕ್ಕಿಳಿಯುತ್ತದೆ, ಹತ್ತು ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್. ತಡಮಾಡಿದರೆ ತೊಗಲಿಗೆ ಕೊಟ್ಟದ್ದು ಇಡೀ ಮೈಗೆ ಹಂಚಿಹೋಗುತ್ತದೆ. ಆದ್ದರಿಂದ ಕಾಯಿಸುವುದಾದರೆ ಕ್ಷಿಪ್ರವಾಗಿ ಕಾಯಿಸಬೇಕು. ಈ ವಿಧಾನಕ್ಕೆ 'ಕ್ಷಿಪ್ರ' ಎಂಬ ವಿಶೇಷಣ ಬಂದದ್ದು ಬರೀ ಉತ್ಪಾದನೆಯ ಅವಸರಕ್ಕಲ್ಲ. ನಿಧಾನವಾದರೆ ವಿಧಾನವೇ ಇಲ್ಲ.

ಅಡುಗೆಮನೆಯಲ್ಲೇ ಇರುವ ಉಪಾಯಗಳು

ಪ್ರಪಂಚದ ಬೇರೆ ಬೇರೆ ಕಡೆ ತಂತ್ರಜ್ಞರು ಇದಕ್ಕೆ ಹಲವು ದಾರಿ ಹುಡುಕಿದ್ದಾರೆ. ವಿಶೇಷವೆಂದರೆ ಅವುಗಳ ಮೂಲತತ್ತ್ವಗಳೆಲ್ಲ ಅಡುಗೆಮನೆಯಲ್ಲೇ ಇವೆ.

ಮೊದಲನೆಯದು ಹಬೆ. ಕುದಿಯುವ ನೀರಿಗಿಂತ ಇಡ್ಲಿ ಪಾತ್ರೆಯ ಹಬೆ ಕೈಯನ್ನು ಹೆಚ್ಚು ಸುಡುತ್ತದೆ. ಒಂದು ಕಿಲೋಗ್ರಾಂ ಹಬೆ ನೀರಾಗುವಾಗ ಸುಮಾರು 2260 ಕಿಲೋಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ, ಅದೇ ನೀರು ಒಂದು ಡಿಗ್ರಿ ತಣ್ಣಗಾಗುವಾಗ ಬಿಡುವುದು 4.2 ಕಿಲೋಜೂಲ್ ಮಾತ್ರ. ಮೇಲ್ಮೈಗೆ ಹತ್ತಿರದಲ್ಲೇ ಕೊರೆದ ಕಾಲುವೆಗಳಲ್ಲಿ ಮೊದಲು ಹಬೆ ನುಗ್ಗಿಸಿ, ಪ್ಲಾಸ್ಟಿಕ್ ತುಂಬಿದ ಮೇಲೆ ತಣ್ಣೀರು ಹಾಯಿಸುತ್ತಾರೆ. ಮನೆಯ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. 160 ಡಿಗ್ರಿಯ ಹಬೆ ಬೇಕೆಂದರೆ ವಾಯುಮಂಡಲದ ಒತ್ತಡದ ಆರು ಪಟ್ಟು ಒತ್ತಡ ಬೇಕು. ಎರಡು ಸಾವಿರದ ದಶಕದಲ್ಲಿ ಚಪ್ಪಟೆ ಟಿ.ವಿ.ಗಳು ಬಂದಾಗ ಅವುಗಳ ಕನ್ನಡಿಯಂತೆ ಹೊಳೆಯುವ ಕಪ್ಪು ಚೌಕಟ್ಟುಗಳನ್ನು ಮಾಡಲು ಈ ಹಬೆಯ ವಿಧಾನ ಬಳಕೆಗೆ ಬಂತು. ಬೆಸುಗೆಯ ಗೆರೆ ಕಾಣದಾದ್ದರಿಂದ ಅದನ್ನು ಮುಚ್ಚಲು ಬಣ್ಣ ಬಳಿಯುವ ಕೆಲಸವೇ ತಪ್ಪಿತು.

ಎರಡನೆಯದು ಇಂಡಕ್ಷನ್ ಒಲೆಯ ತತ್ತ್ವ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸುರುಳಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸಿದರೆ ಎದುರಿನ ಉಕ್ಕಿನಲ್ಲಿ ಸುಳಿ ಪ್ರವಾಹಗಳು ಹುಟ್ಟಿ ಅದು ಕಾಯುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಈ ಪ್ರವಾಹ ಮೇಲ್ಮೈಗೇ ಅಂಟಿಕೊಳ್ಳುತ್ತದೆ. 50 ಸಾವಿರ ಹರ್ಟ್ಸ್‌ನಲ್ಲಿ ಅದು ಇಳಿಯುವ ಆಳ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ತೊಗಲನ್ನು ಮಾತ್ರ ಕಾಯಿಸಬೇಕೆಂಬ ಆಸೆಗೆ ಪ್ರಕೃತಿಯೇ ಒದಗಿಸಿದ ನಿಯಮವಿದು.

ಮೂರನೆಯದು ಮರದ ಅಚ್ಚಿನ ಗುಣವನ್ನು ಉಕ್ಕಿನೊಳಗೆ ತರುವುದು. ಮೇಲೆ ತೆಳುವಾದ ಲೋಹದ ತೊಗಲು, ಅದರ ಕೆಳಗೆ ಉಷ್ಣವನ್ನು ತಡೆಯುವ ಒಂದು ತೆಳು ಪದರ, ಅದರ ಕೆಳಗೆ ಬಲಕ್ಕೆ ಬೇಕಾದ ದಪ್ಪ ಉಕ್ಕು. ಪ್ಲಾಸ್ಟಿಕ್ ತಂದ ಬಿಸಿಯೇ ತೊಗಲನ್ನು ಕಾಯಿಸಿ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ಹರಿಯಲು ಅಷ್ಟು ಸಾಕು. ಇದಲ್ಲದೆ ಅವಗೆಂಪು ಕಿರಣಗಳ ದೀಪ, ಬಿಸಿ ಅನಿಲ, ಮೇಲ್ಮೈಗೆ ಹತ್ತಿರ ಕೂರಿಸಿದ ವಿದ್ಯುತ್ ಹೀಟರುಗಳನ್ನೂ ಬಳಸುವುದುಂಟು. ಅಚ್ಚನ್ನು ಹೀಗೆ ಬಿಸಿ, ತಂಪು ಎಂದು ಏರಿಳಿಸುವ ವಿಧಾನಗಳಿಗೆಲ್ಲ 'ವೇರಿಯೋಥರ್ಮ್' ಎಂಬ ಸಾಮಾನ್ಯ ಹೆಸರಿದೆ.

ಇದರಿಂದ ಎಲ್ಲವೂ ಸಲೀಸು ಎಂದುಕೊಳ್ಳಬಾರದು. ಬಾಯ್ಲರ್, ಸುರುಳಿ, ನಿಯಂತ್ರಣ ಪೆಟ್ಟಿಗೆ ಎಲ್ಲಕ್ಕೂ ದುಬಾರಿ ಬೆಲೆ. ದಿನಕ್ಕೆ ಸಾವಿರಾರು ಬಾರಿ ಕಾಯಿಸಿ ಆರಿಸಿದರೆ ಉಕ್ಕೂ ದಣಿಯುತ್ತದೆ, ಮೇಲ್ಮೈಯಲ್ಲಿ ಸೂಕ್ಷ್ಮ ಬಿರುಕು ಬಿಡಬಹುದು. ಮಾಮೂಲಿ ಬಕೆಟ್ಟಿಗೆ ಇದೆಲ್ಲ ಬೇಕಿಲ್ಲ. ನೋಟ ಮುಖ್ಯವಾದ ಹೊಳಪಿನ ವಸ್ತು, ಕೂದಲೆಳೆಯಷ್ಟು ಸೂಕ್ಷ್ಮ ಗೆರೆಗಳಿರುವ ವೈದ್ಯಕೀಯ ಉಪಕರಣ, ಮಸೂರ, ತೀರ ತೆಳುವಾದ ಕವಚ ಇಂಥವಕ್ಕೆ ಹಾಕಿದ ದುಡ್ಡು ಗಿಟ್ಟುತ್ತದೆ.

ಹುಡುಗಿ ಕಂಡ ಸಣ್ಣ ಕಾರ್ಖಾನೆಗೆ ಅಂಥ ಯಂತ್ರ ತರುವ ಶಕ್ತಿ ಇರಲಿಲ್ಲ. ಆದರೆ ಕಷ್ಟ ಎಲ್ಲಿದೆ ಎಂಬುದು ಗೊತ್ತಾಗಿತ್ತು. ತಣ್ಣೀರಿನ ಬದಲು 75 ಡಿಗ್ರಿಯ ಬಿಸಿನೀರನ್ನೇ ಕಾಲುವೆಯಲ್ಲಿ ಹರಿಸಿದರು. ಒತ್ತುವ ವೇಗ ಹೆಚ್ಚಿಸಿದರು. ಪ್ಲಾಸ್ಟಿಕ್ ಕ್ರಮಿಸಬೇಕಾದ ದೂರ ಕಡಿಮೆಯಾಗುವಂತೆ ಒಳಬರುವ ಬಾಗಿಲನ್ನು ನಡುವಿಗೆ ಸರಿಸಿದರು. ಇನ್ನೂ ಸುಲಭವಾಗಿ ಹರಿಯುವ ಜಾತಿಯ ಎಬಿಎಸ್ ತರಿಸಿದರು. ಒಂದೊಂದು ಮುಚ್ಚಳಕ್ಕೂ ಕೆಲವು ಸೆಕೆಂಡು ಹೆಚ್ಚು ಹಿಡಿಯಿತು. ಗೆರೆ ಪೂರ್ತಿ ಹೋಗಲಿಲ್ಲ, ಗಿರಾಕಿ ಒಪ್ಪುವಷ್ಟಕ್ಕೆ ತಗ್ಗಿತು. ಮೂಲೆಯ ಡ್ರಮ್ಮು ಮೊದಲಿನಂತೆ ದಿನಾ ತುಂಬುವುದು ನಿಂತಿತು. ಪವಾಡವೇನೂ ನಡೆಯಲಿಲ್ಲ. ಕಷ್ಟವನ್ನು ಅಳೆದು, ಇರುವ ದುಡ್ಡಿನಲ್ಲಿ ಆದಷ್ಟು ಮಾಡುವುದೇ ಕಾರ್ಖಾನೆಯ ನಿತ್ಯದ ವಿಜ್ಞಾನ.

ತಂದೆತಾಯಂದಿರಿಗೆ ಒಂದು ಮಾತು

ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ಎಷ್ಟೋ ಮನೆಗಳಲ್ಲಿ ಕೆಸರೆಯ ಆ ಮನೆಯ ಜಗಳವೇ ನಡೆಯುತ್ತದೆ. ಪಿಯುಸಿ ಮೇಲು, ಡಿಪ್ಲೊಮಾ ಕೀಳು. ಪುಸ್ತಕ ಹಿಡಿದದ್ದು ವಿದ್ಯೆ, ಉಕ್ಕು ಹಿಡಿದದ್ದು ಕೂಲಿ. ಹೀಗೆ ತೂಗುವವರು ತಕ್ಕಡಿಯನ್ನೇ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ವಿಶಿಷ್ಟೋಷ್ಣ, ಗುಪ್ತೋಷ್ಣ, ಉಷ್ಣವಹನ, ವಿದ್ಯುತ್ಕಾಂತೀಯ ಪ್ರೇರಣೆ ಈ ನಾಲ್ಕೂ ಪಾಠಗಳು ಒಂದೇ ಅಚ್ಚಿನ ಸುತ್ತ ಕೂಡಿ ನಿಲ್ಲುವುದನ್ನು ನೋಡಿದ ಮೇಲೆ ಅಚ್ಚಿನ ಕೆಲಸವನ್ನು ಕಡಿಮೆ ಓದು ಎನ್ನಲು ಬಾಯಿ ಬರುವುದಿಲ್ಲ. ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನಕ್ಕೂ ಪ್ಲಾಸ್ಟಿಕ್ ಅಚ್ಚಿನ ತಂತ್ರಜ್ಞಾನಕ್ಕೂ ಬೇರೆ ಬೇರೆ ಡಿಪ್ಲೊಮಾಗಳಿವೆ. ಡಿಪ್ಲೊಮಾ ಮುಗಿಸಿದವರಿಗೆ ಮುಂದೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಬಾಗಿಲೂ ತೆರೆದಿದೆ. ಪಿಯುಸಿ ಬೇಡವೆಂದು ಇದರರ್ಥವಲ್ಲ. ಮಗುವಿನ ಒಲವು ಯಾವ ಕಡೆಗಿದೆಯೋ ಆ ಕಡೆಗೆ ಕಳಿಸಬೇಕು. ಆದರೆ ಡಿಪ್ಲೊಮಾಕ್ಕೆ ಕಳಿಸಿದ್ದಕ್ಕೆ ಅಪ್ಪನಾದವನು ತಲೆ ತಗ್ಗಿಸುವ ಕಾರಣವಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಮನೆಗೆಲಸ. ಮುಂದಿನ ಬಾರಿ ಮನೆಯಲ್ಲಿ ಮೇಣದಬತ್ತಿ ಉರಿಸಿದಾಗ, ದೊಡ್ಡವರನ್ನು ಪಕ್ಕದಲ್ಲಿಟ್ಟುಕೊಂಡು, ಕರಗಿದ ಮೇಣದ ಒಂದು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೂ ಇನ್ನೊಂದು ಹನಿಯನ್ನು ಮರದ ಹಲಗೆಯ ಮೇಲೂ ಬೀಳಿಸಿ ನೋಡಿ. ಯಾವುದು ಹೆಚ್ಚು ದೂರ ಹರಡಿತು, ಯಾವುದು ಬಿದ್ದಲ್ಲೇ ಗಟ್ಟಿಯಾಯಿತು? ಆಮೇಲೆ ತಟ್ಟೆಯನ್ನು ತುಸು ಬಿಸಿನೀರಿನ ಮೇಲಿಟ್ಟು ಮತ್ತೊಂದು ಹನಿ ಬೀಳಿಸಿ. ಈಗ ಏನಾಯಿತು? ಕಂಡದ್ದನ್ನು ನಿಮ್ಮದೇ ಮಾತಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಆದರೂ ಬರೆಯಿರಿ.